‘ರಿಪೀಟ್ ಮಾಡ್ಲಾ ಸಾರ್?’: ಬಾರಿನಲ್ಲಿ ‘ಸಾಕು’ ಅನ್ನೋ ಹೊಣೆ ಯಾರದ್ದು?

ಮದ್ಯದ ಬಗ್ಗೆ ನಮ್ಮಲ್ಲಿ ಚರ್ಚೆ ಶುರುವಾದ್ರೆ ಎರಡೇ ತುದಿ. ಒಂದು ಕಡೆ ಪಾನನಿಷೇಧ, ಇನ್ನೊಂದು ಕಡೆ ಬೊಕ್ಕಸದ ಆದಾಯ. ಇವೆರಡರ ಗದ್ದಲದಲ್ಲಿ ಒಂದು ಸರಳ ಪ್ರಶ್ನೆ ಕಳೆದುಹೋಗುತ್ತೆ: ಸರ್ಕಾರವೇ ಪರವಾನಗಿ ಕೊಟ್ಟ ಜಾಗದಲ್ಲಿ ಕೂತು ಕುಡಿಯುವವನಿಗೆ ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು, ಆಮೇಲೆ ಅವನು ಮನೆ ಸೇರೋದು ಹೇಗೆ? ಇದನ್ನೇ ‘ಜವಾಬ್ದಾರಿಯುತ ಮದ್ಯ ಸೇವೆ’ ಅಂತಾರೆ. ನನ್ನ ವಾದ ಇಷ್ಟೇ: ನಮ್ಮ ಕಾನೂನು ‘ಅಮಲೇರಿದವನಿಗೆ ಕೊಡಬೇಡ’ ಅನ್ನುತ್ತೆ, ಆದರೆ ಆ ಮಾತನ್ನು ಟೇಬಲ್ ಮುಂದೆ ನಿಂತು ಹೇಳಬೇಕಾದ ಸಪ್ಲೈಯರ್‌ಗೆ ಯಾವ ಬೆಂಬಲವನ್ನೂ ಕೊಟ್ಟಿಲ್ಲ.

ಮೊದಲು ಲೆಕ್ಕ

ನಾನು ಇಂಜಿನಿಯರಿಂಗ್ ಓದಿದವನು, ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ. ನಮ್ಮ ಬಾರುಗಳಲ್ಲಿ ಸಿಗುವ ಸಾಮಾನ್ಯ ವಿಸ್ಕಿ, ರಮ್, ಬ್ರಾಂಡಿ ಬಾಟಲಿ ಮೇಲೆ ಶೇ. 42.8 ಆಲ್ಕೋಹಾಲ್ ಅಂತ ಬರೆದಿರುತ್ತೆ. ಅಂದರೆ 30 ಎಂ.ಎಲ್. ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಒಂದು ‘ನೈಂಟಿ’ಯಲ್ಲಿ 30 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರ್‌ನ 650 ಎಂ.ಎಲ್. ಬಾಟಲಿಯಲ್ಲಿ 41 ಗ್ರಾಂ. ‘ಬರೀ ಬಿಯರ್ ಗುರು’ ಅನ್ನೋ ಮಾತಿಗೆ ಅರ್ಥವಿಲ್ಲ, ಆ ಬಾಟಲಿ ನಾಲ್ಕು ಪೆಗ್‌ಗೆ ಸಮ.

70 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದು ನೈಂಟಿ ಬೇಗ ಮುಗಿಸಿದರೆ, 100 ಎಂ.ಎಲ್. ರಕ್ತದಲ್ಲಿ ಆಲ್ಕೋಹಾಲ್ ಅಂದಾಜು 60 ಮಿಲಿಗ್ರಾಂ ದಾಟುತ್ತೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಗಾಡಿ ಓಡಿಸುವವರಿಗೆ ಇರುವ ಮಿತಿ 30 ಮಿಲಿಗ್ರಾಂ. ಲಿವರ್ ಗಂಟೆಗೆ ಕರಗಿಸೋದು ಸರಾಸರಿ 15 ಮಿಲಿಗ್ರಾಂನಷ್ಟು. ಅಂದರೆ ಒಂದೇ ನೈಂಟಿ ಕುಡಿದರೂ ಎರಡು ಗಂಟೆಗೂ ಹೆಚ್ಚು ಕಾಯಬೇಕು, ಸ್ಟ್ರಾಂಗ್ ಬಿಯರ್ ಆದರೆ ನಾಲ್ಕು ಗಂಟೆಯ ಹತ್ತಿರ. ತೂಕ ಕಡಿಮೆ ಇರುವವರಿಗೆ, ಹೆಣ್ಣುಮಕ್ಕಳಿಗೆ ಈ ಪ್ರಮಾಣ ಇನ್ನೂ ಮೇಲೆ ಹೋಗುತ್ತೆ. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರು ಯಾವುದೂ ಲಿವರ್‌ನ ವೇಗ ಹೆಚ್ಚಿಸಲ್ಲ.

ಸಿಕ್ಕಿಬಿದ್ದರೆ ಮೊದಲ ಸಲ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ ಈ ತಪಾಸಣೆ ನಡೆಯೋದು ರಸ್ತೆಯಲ್ಲಿ. ಊದಿಸುವ ಯಂತ್ರ ‘ಎಷ್ಟು ಕುಡಿದಿದ್ದೀಯ’ ಅಂತ ಹೇಳುತ್ತೆ, ‘ಕೊನೇ ಪೆಗ್ ಕೊಟ್ಟವರು ಯಾರು’ ಅಂತ ಕೇಳಲ್ಲ.

ಕಾನೂನಿನಲ್ಲಿ ಏನಿದೆ?

ಕರ್ನಾಟಕದಲ್ಲಿ ಮದ್ಯ ಮಾರಾಟ ನಡೆಯೋದು 1965ರ ಅಬಕಾರಿ ಕಾಯ್ದೆ ಮತ್ತು ಅದರ ನಿಯಮಗಳ ಅಡಿಯಲ್ಲಿ. ಸಿಎಲ್-9 ಪರವಾನಗಿ ಇರುವ ಬಾರಿನಲ್ಲಿ ಕೂತು ಕುಡಿಯಬಹುದು. ಸಿಎಲ್-2 ಅಂದರೆ ಬಾಟಲಿ ಮಾರುವ ಅಂಗಡಿ, ಅಲ್ಲಿ ಕುಡಿಯುವಂತಿಲ್ಲ. 21 ವರ್ಷ ತುಂಬದವರಿಗೆ ಮಾರಬಾರದು ಅನ್ನೋದು ಪರವಾನಗಿ ನಿಯಮ. 2023ರ ಆರಂಭದಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ಬಂತು, ವಿರೋಧ ಬಂದ ಮೇಲೆ ಸರ್ಕಾರ ಕೈಬಿಟ್ಟಿತು. ಈಗಾಗಲೇ ಅಮಲೇರಿದವರಿಗೆ ಮಾರಬಾರದು ಅನ್ನೋದೂ ಕಾನೂನಿನಲ್ಲಿದೆ.

ಸರಿ, ಇದನ್ನು ಪಾಲಿಸಬೇಕಾದವರು ಯಾರು? ದೂರದ ಜಿಲ್ಲೆಯಿಂದಲೋ ಹೊರರಾಜ್ಯದಿಂದಲೋ ಬಂದ ಸಪ್ಲೈಯರ್ ಹುಡುಗ. ಸಂಬಳ ಕಮ್ಮಿ, ಟಿಪ್ಸ್ ಮೇಲೆ ಜೀವನ. ಬಿಲ್ ದೊಡ್ಡದಾದಷ್ಟೂ ಟಿಪ್ಸ್ ದೊಡ್ಡದು. ‘ರಿಪೀಟ್ ಮಾಡ್ಲಾ ಸಾರ್?’ ಅಂತ ಕೇಳಿದರೆ ಮಾಲೀಕ ಖುಷಿ, ಗಿರಾಕಿ ಖುಷಿ. ‘ಸಾಕು ಸಾರ್’ ಅಂದರೆ ಬೈಗುಳ, ಕೆಲವೊಮ್ಮೆ ಏಟು. ಇನ್ನೂ ಮೇಲೆ ಹೋದರೆ ಸರ್ಕಾರದ್ದೂ ಇದೇ ಕತೆ. 2025-26ಕ್ಕೆ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ‘ಇಷ್ಟು ಸಂಗ್ರಹಿಸು’ ಅಂತ ಗುರಿ ಹೊತ್ತ ಇಲಾಖೆಯೇ ‘ಅಳತೆ ಮೀರಿ ಮಾರಬೇಡ’ ಅಂತಲೂ ಕಾವಲು ಕಾಯಬೇಕು.

ಬೇರೆ ಕಡೆ ಹೇಗೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಬಾರಿನಲ್ಲಿ ಮದ್ಯ ಬಡಿಸುವವರಿಗೂ ಅವರ ಮ್ಯಾನೇಜರ್‌ಗಳಿಗೂ ತರಬೇತಿ ಕಡ್ಡಾಯ. ಕೆಲಸಕ್ಕೆ ಸೇರಿದ 60 ದಿನದೊಳಗೆ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೀಬೇಕು, ಅದು ಮೂರು ವರ್ಷ ನಡೆಯುತ್ತೆ. ಇಂಗ್ಲೆಂಡಿನಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆಯಂತೆ ಕುಡಿದು ಅಮಲೇರಿದವನಿಗೆ ಗೊತ್ತಿದ್ದೂ ಮಾರೋದು ಅಪರಾಧ. ಕೇಳಿದವರಿಗೆ ಕುಡಿಯುವ ನೀರನ್ನು ಪುಕ್ಕಟೆ ಕೊಡೋದು ಅಲ್ಲಿನ ಪರವಾನಗಿಯ ಕಡ್ಡಾಯ ಷರತ್ತು. ಅಲ್ಲೂ ಕುಡುಕರಿದ್ದಾರೆ, ಅಪಘಾತಗಳೂ ಆಗುತ್ತವೆ. ಆದರೆ ಬಡಿಸುವ ಕೈಗೂ ಹೊಣೆ ಇದೆ ಅಂತ ಅಲ್ಲಿನ ವ್ಯವಸ್ಥೆ ಒಪ್ಪಿಕೊಂಡಿದೆ.

ಇಲ್ಲಿ ಏನು ಮಾಡಬಹುದು?

ಕೆಲವಕ್ಕೆ ಹೊಸ ಕಾನೂನೇ ಬೇಡ. ಗಿರಾಕಿ ಕಣ್ಣೆದುರೇ ಅಳೆದು ಸುರಿಯಬೇಕು. ಕೇಳುವ ಮೊದಲೇ ಟೇಬಲ್ ಮೇಲೆ ಪುಕ್ಕಟೆ ನೀರು ಇರಬೇಕು. ಊಟದ ಆರ್ಡರ್ ಮೊದಲೇ ತಗೋಬೇಕು. ಗ್ಲಾಸ್ ಖಾಲಿಯಾಗುವ ಮುಂಚೆ ‘ರಿಪೀಟ್’ ಕೇಳಬಾರದು. ಮಾತು ತೊದಲೋದು, ದನಿ ಏರೋದು, ನೋಟು ಎಣಿಸೋಕೆ ತಡವರಿಸೋದು ಕಂಡರೆ ಸಪ್ಲೈಯರ್ ಮ್ಯಾನೇಜರ್‌ಗೆ ಹೇಳಬೇಕು, ‘ಇಲ್ಲ’ ಅನ್ನೋ ಕೆಲಸ ಮ್ಯಾನೇಜರ್‌ದು. ಅದನ್ನೂ ನಾಲ್ಕು ಜನರ ಮುಂದೆ ಅವಮಾನ ಮಾಡದೆ, ಮೆಲ್ಲಗೆ ಹೇಳಬೇಕು. ಆಟೋ, ಕ್ಯಾಬ್ ಬುಕ್ ಮಾಡಿಕೊಡೋದು ಬಿಲ್ ತಂದುಕೊಡುವಷ್ಟೇ ಸಹಜ ಆಗಬೇಕು.

ಸರ್ಕಾರ ಮಾಡಬೇಕಾದ್ದು ಎರಡು. ಪರವಾನಗಿ ನವೀಕರಣಕ್ಕೆ ಸಿಬ್ಬಂದಿ ತರಬೇತಿಯನ್ನು ಷರತ್ತು ಮಾಡಬೇಕು, ಅದರ ಖರ್ಚು ಮಾಲೀಕರದ್ದಾಗಬೇಕು, ಪಾಠ ಕನ್ನಡದ ಜೊತೆಗೆ ಆ ಹುಡುಗರಿಗೆ ಗೊತ್ತಿರುವ ಭಾಷೆಯಲ್ಲೂ ಇರಬೇಕು. ಎರಡನೆಯದು ಇನ್ನೂ ಮುಖ್ಯ: ಅಮಲೇರಿದವನಿಗೆ ಕೊಡಲ್ಲ ಅಂದ ಕಾರಣಕ್ಕೆ ಸಂಬಳ ಕಡಿಯುವುದು, ಕೆಲಸದಿಂದ ತೆಗೆಯುವುದು ನಿಯಮದ ಉಲ್ಲಂಘನೆ ಆಗಬೇಕು.

ಕೆಲಸದ ಭಯ ಇರುವವನ ಬಾಯಲ್ಲಿ ‘ಸಾಕು’ ಅನ್ನೋ ಮಾತು ಬರಲ್ಲ. ಹಾಗಾಗಿ ಇದು ಕುಡಿತದ ನೈತಿಕತೆಯ ಪ್ರಶ್ನೆಗಿಂತ ಮೊದಲು ಕಾರ್ಮಿಕ ಹಕ್ಕಿನ ಪ್ರಶ್ನೆ ಅಂತ ನನಗನ್ನಿಸುತ್ತೆ. ಮುಂದಿನ ಸಲ ಸಪ್ಲೈಯರ್ ನಿಮ್ಮ ಟೇಬಲ್‌ನಲ್ಲಿ ಯಾರಿಗಾದರೂ ‘ಬೇಡ ಸಾರ್’ ಅಂದರೆ, ದಯವಿಟ್ಟು ಅವನ ಪರ ನಿಲ್ಲಿ. ಟಿಪ್ಸನ್ನೂ ಆವತ್ತು ಸ್ವಲ್ಪ ಜಾಸ್ತಿನೇ ಕೊಡಿ.