ಗ್ರಹಗಳ ವಾಯುಮಂಡಲವೂ ಪ್ರಯೋಗಶಾಲೆಯೂ

ಕೋಟ್ಯಂತರ ಮೈಲಿಗಳಾಚೆಯಿರುವ ಗ್ರಹವೊಂದರ ಗಾಳಿ ಯಾವ ವಾಯುಗಳಿಂದಾದುದೆಂದು ಭೂಮಿಯ ಮೇಲಿರುವ ನಾವು ತಿಳಿಯುವುದೆಂತು? ರಬಕವಿಯ ಮಗ್ಗದಲ್ಲಿ ನೇಯ್ದ ಸೀರೆಯ ಅಂಚನ್ನು ಪರೀಕ್ಷಿಸುವವನು ಮಾದರಿಯ ತುಂಡನ್ನು ಪಕ್ಕದಲ್ಲಿಟ್ಟು ಎಳೆಗೆ ಎಳೆಯನ್ನು ಹೋಲಿಸಿ ನೋಡುತ್ತಾನೆ. ಗ್ರಹಗಳ ಬೆಳಕನ್ನು ಓದುವ ವಿದ್ವಾಂಸರ ಕ್ರಮವೂ ಇದೇ. ಅವರ ಮಾದರಿ ಪ್ರಯೋಗಶಾಲೆಯ ಕೊಳವೆಯಲ್ಲಿ ತುಂಬಿಟ್ಟ ವಾಯು.

1800ರಲ್ಲಿ ವಿಲಿಯಂ ಹರ್ಷೆಲ್ಲರು ಸೂರ್ಯನ ವರ್ಣಪಟಲದಲ್ಲಿ ಕೆಂಪಿನಾಚೆಗೆ ಉಷ್ಣಮಾಪಕವನ್ನಿಟ್ಟಾಗ, ಕಣ್ಣಿಗೆ ಕಾಣದ ಕಿರಣಗಳು ಅಲ್ಲಿವೆಯೆಂಬುದು ಗೊತ್ತಾಯಿತು. ಅವರಕ್ತ ಕಿರಣಗಳೆಂದರೆ ಇವೇ. 1859ರಲ್ಲಿ ಲಂಡನ್ನಿನ ಟಿಂಡಲರು ಕೊಳವೆಯಲ್ಲಿ ವಾಯುಗಳನ್ನು ತುಂಬಿ, ನೀರಾವಿ, ಇಂಗಾಲಾಮ್ಲ ಮೊದಲಾದುವು ಶಾಖಕಿರಣಗಳನ್ನು ಹೀರುವುದನ್ನು ಅಳೆದರು. ಪ್ರತಿಯೊಂದು ಬಗೆಯ ಅಣುವೂ ತನ್ನ ಕಂಪನಕ್ಕೆ ಹೊಂದುವ ಕಿರಣಗಳನ್ನು ಮಾತ್ರ ನುಂಗುತ್ತದೆ. ನುಂಗಿದ ಕಡೆ ವರ್ಣಪಟಲದಲ್ಲಿ ಕಪ್ಪು ಗೆರೆಗಳು ಮೂಡುತ್ತವೆ.

ಗೆರೆಯನ್ನು ಕಾಣುವುದು ಬೇರೆ, ಅದರ ಒಡೆಯನನ್ನು ಗುರುತಿಸುವುದು ಬೇರೆ. ಅಮೆರಿಕದ ಸ್ಲೈಫರರು ಗುರುಗ್ರಹದ ಬೆಳಕಿನಲ್ಲಿ ಹಿಡಿದ ಪಟ್ಟೆಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಗಟಾಗಿಯೇ ಉಳಿದಿದ್ದುವು. 1932ರಲ್ಲಿ ಜರ್ಮನಿಯ ವಿಲ್ಟರು ಅವನ್ನು ಪ್ರಯೋಗಶಾಲೆಯ ಗೆರೆಗಳೊಡನೆ ಹೋಲಿಸಿ, ಅವು ಅಮೋನಿಯ ಮತ್ತು ಮೀಥೇನುಗಳ ಗುರುತುಗಳೆಂದು ತೋರಿಸಿದರು. ಅದೇ ವರ್ಷ ಆಡಮ್ಸ್ ಮತ್ತು ಡನ್‌ಹ್ಯಾಮರು ಶುಕ್ರನಲ್ಲಿ ಇಂಗಾಲಾಮ್ಲವಿರುವುದನ್ನು ಕಂಡರು. ಉದ್ದವಾದ ಕೊಳವೆಯಲ್ಲಿ ಆ ವಾಯುವನ್ನು ಒತ್ತಿ ತುಂಬಿ ನೋಡಿದ ಮೇಲೆ ಅದಕ್ಕೆ ಸಾಕ್ಷ್ಯ ದೊರೆಯಿತು.

ಇವೆಲ್ಲಕ್ಕಿಂತಲೂ ಸೋಜಿಗದ ಸಂಗತಿ ಜಲಜನಕದ್ದು. ಅದರ ಅಣು ಅವರಕ್ತವನ್ನು ಬಹುಮಟ್ಟಿಗೆ ಹೀರುವುದೇ ಇಲ್ಲ. ಒತ್ತಡದಲ್ಲಿ ಅಣುಗಳು ಒಂದನ್ನೊಂದು ತಾಕಿದಾಗ ಮಾತ್ರ ಹೀರುತ್ತದೆ. ಯುರೇನಸ್, ನೆಪ್ಚೂನುಗಳಲ್ಲಿ ಕೈಪರರಿಗೆ ಕಂಡ ಮಸಕು ಗೆರೆಯೊಂದರ ಅರ್ಥವನ್ನು ತಿಳಿಯಲು ಕೆನಡಾದ ಹರ್ಟ್ಸ್‌ಬರ್ಗರು ಕೊಳವೆಯೊಳಗೆ ಆ ಗ್ರಹಗಳ ಚಳಿಯನ್ನೇ ಏರ್ಪಡಿಸಿದರೆನ್ನಬಹುದು: ಸೊನ್ನೆಗಿಂತ 195 ಡಿಗ್ರಿ ಕೆಳಗೆ, 100 ವಾತಾವರಣಗಳ ಒತ್ತಡದ ಜಲಜನಕದಲ್ಲಿ ಬೆಳಕಿಗೆ 80 ಮೀಟರುಗಳ ದಾರಿ. ಅದೇ ಗೆರೆ ಅಲ್ಲಿಯೂ ಮೂಡಿತು. ಇದು 1952ರ ಮಾತು.

ಈ ವಿದ್ಯೆಯ ನಂಟು ನಮ್ಮ ನಾಡಿಗೂ ಉಂಟು. 2004ರಲ್ಲಿ ಮಂಗಳನ ಗಾಳಿಯಲ್ಲಿ ನೂರು ಕೋಟಿ ಅಣುಗಳಿಗೆ ಸುಮಾರು 10ರಂತೆ ಮೀಥೇನ್ ಇದೆಯೆಂಬ ವಾರ್ತೆ ಬಂದಿತ್ತು. ನಮ್ಮ ಭೂಮಿಯಲ್ಲಿ ಮೀಥೇನಿನ ಬಹುಪಾಲು ಜೀವಿಗಳಿಂದ ಹುಟ್ಟುವುದಾದ್ದರಿಂದ ಆ ವಾರ್ತೆಗೆ ಅಷ್ಟು ಮಹತ್ತ್ವ. 2013ರ ನವೆಂಬರ್ 5ರಂದು ಹೊರಟು 2014ರ ಸೆಪ್ಟೆಂಬರ್ 24ರಂದು ಮಂಗಳನನ್ನು ಸೇರಿದ ಮಂಗಳಯಾನವು ಮೀಥೇನನ್ನು ಹುಡುಕುವ ಅವರಕ್ತ ಯಂತ್ರವನ್ನೂ ಒಯ್ದಿತ್ತು. ಅದರ ಸಂದೇಶಗಳನ್ನು ಬೆಂಗಳೂರಿನ ಬಳಿಯ ಬ್ಯಾಲಾಳಿನ 32 ಮೀಟರಿನ ಬೋಗುಣಿ ಹಿಡಿಯುತ್ತಿತ್ತು. ಆದರೆ ಮೀಥೇನ್ ದೊರೆಯಿತೆಂಬ ಘೋಷಣೆ ಹೊರಡಲಿಲ್ಲ; ಮಂಗಳನ ನೆಲ ಬೆಳಕನ್ನು ಹಿಂದಿರುಗಿಸುವ ಪ್ರಮಾಣದ ನಕ್ಷೆಯನ್ನು ಆ ಯಂತ್ರದ ಅಳತೆಗಳಿಂದ ರಚಿಸಿದರು. 2019ರಲ್ಲಿ ಯೂರೋಪಿನ ನೌಕೆಯೊಂದು ಮೀಥೇನ್ ಇದ್ದರೂ ನೂರು ಕೋಟಿಗೆ 0.05ಕ್ಕಿಂತ ಹೆಚ್ಚಿರಲಾರದೆಂದು ಸಾರಿತು. ನೆಲದ ಮೇಲೆ ಸಂಚರಿಸುವ ಕ್ಯೂರಿಯಾಸಿಟಿ ವಾಹನವಾದರೋ ಸ್ವಲ್ಪ ಕಂಡಿತೆಂದೇ ಹೇಳಿದೆ.

ಈ ವಿವಾದ ಇನ್ನೂ ತೀರಿಲ್ಲ. ಮಂಗಳನ ಗಾಳಿಯಲ್ಲಿ ನೂರಕ್ಕೆ 95 ಭಾಗ ಇಂಗಾಲಾಮ್ಲವೇ ಆಗಿರುವಾಗ, ಅದರ ಗೆರೆಗಳ ನಡುವೆ ಮೀಥೇನಿನ ಗೆರೆಯನ್ನು ಬೇರ್ಪಡಿಸಬೇಕಾದರೆ ಎರಡರ ಲಕ್ಷಣವನ್ನೂ ಭೂಮಿಯ ಮೇಲೆಯೇ ಬಲು ಸೂಕ್ಷ್ಮವಾಗಿ ಅಳೆದಿರಬೇಕು. ಅನ್ಯಗ್ರಹದಲ್ಲಿ ಜೀವವುಂಟೇ ಎಂಬ ಮಹಾಪ್ರಶ್ನೆಗೆ ಉತ್ತರವನ್ನು ದೂರದರ್ಶಕದ ಗಾತ್ರವೊಂದೇ ತಂದುಕೊಡಲಾರದು. ಆಕಾಶವನ್ನು ಓದಬೇಕೆನ್ನುವ ನಾವು ಮೊದಲು ಕೊಳವೆಯೊಳಗಿನ ವಾಯುವಿನ ಅಕ್ಷರಾಭ್ಯಾಸವನ್ನು ಮಾಡಬೇಕು.