ಕತ್ತೆಗೂ ಶುಕ್ರವಾರ ರಜೆ

1750ರ ಸುಮಾರಿಗೆ ಇಂಗ್ಲೆಂಡಿನ ಮಾರ್ಗೇಟ್ ಎಂಬ ಕಡಲೂರಿಗೆ ಹೋದವರಿಗೆ ಮರಳ ಮೇಲೆ ಸಾಲಾಗಿ ನಿಂತ ಮರದ ಗಾಲಿಕೋಣೆಗಳು ಕಾಣುತ್ತಿದ್ದವು. ಸ್ನಾನಕ್ಕೆ ಬಂದವರು ಕೋಟು, ನಿಲುವಂಗಿ, ಟೋಪಿಗಳ ಸಮೇತ ದಡದ ಕಡೆಯ ಬಾಗಿಲಿನಿಂದ ಒಳಗೆ ಹತ್ತಬೇಕು. ಬಾಗಿಲು ಮುಚ್ಚಿತೆಂದರೆ ಒಳಗೆ ಅರೆಗತ್ತಲೆ. ಹೊರಗೆ ಕುದುರೆ ಎಳೆಯತೊಡಗುತ್ತಿತ್ತು. ಕೋಣೆ ಅತ್ತಿತ್ತ ವಾಲುತ್ತ ನೀರಿನತ್ತ ಸಾಗುವಾಗ, ಒಳಗಿದ್ದವರು ಒಂದು ಕೈಯಲ್ಲಿ ಗೋಡೆ ಹಿಡಿದು ಇನ್ನೊಂದು ಕೈಯಲ್ಲಿ ಗುಂಡಿ ಬಿಚ್ಚಬೇಕು. ಸೊಂಟದ ಮಟ್ಟದ ನೀರಿನಲ್ಲಿ ಗಾಡಿ ನಿಂತಾಗ ಕಡಲ ಕಡೆಯ ಬಾಗಿಲು ತೆರೆಯುತ್ತಿತ್ತು, ಅಲ್ಲಿಂದ ಕೆಳಗೆ ನಾಲ್ಕಾರು ಮೆಟ್ಟಿಲು. ಅದೇ ಊರಿನ ಬೆಂಜಮಿನ್ ಬೀಲ್ ಎಂಬಾತ ಈ ಗಾಡಿಗೆ ಕ್ಯಾನ್ವಾಸಿನ ಮಡಚು ಮರೆಯೊಂದನ್ನು ಸೇರಿಸಿದ. ಅದನ್ನು ಇಳಿಬಿಟ್ಟರೆ ನೀರಿಗಿಳಿದವರ ತಲೆ ಕೂಡ ದಡದವರಿಗೆ ಕಾಣದು.

ಅಲ್ಲಿ ಯಾರೂ ಆಡುತ್ತಿರಲಿಲ್ಲ. ಬಂದವರೆಲ್ಲ ರೋಗಿಗಳು, ಇಲ್ಲವೇ ರೋಗದ ಭಯವಿದ್ದವರು. ಸಸೆಕ್ಸ್ ಪ್ರಾಂತದ ವೈದ್ಯ ರಿಚರ್ಡ್ ರಸೆಲ್, ಗ್ರಂಥಿರೋಗಗಳಿಗೆ ಸಮುದ್ರದ ನೀರೇ ಮದ್ದು ಎಂದು 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪುಸ್ತಕ ಬರೆದ. ಎರಡೇ ವರ್ಷದಲ್ಲಿ ಅದು ಇಂಗ್ಲಿಷಿಗೂ ಬಂತು. ಅವನ ಪ್ರಕಾರ ಕಡಲ ನೀರಿನಲ್ಲಿ ಮುಳುಗಿದರೆ ಸಾಲದು, ಅದನ್ನು ಕುಡಿಯಲೂ ಬೇಕು. ಬ್ರೈಟನ್ ಎಂಬ ಮೀನುಗಾರರ ಹಳ್ಳಿಯಲ್ಲಿ ಅವನು ಮನೆ ಕಟ್ಟಿಕೊಂಡು ನೆಲೆನಿಂತ ಮೇಲೆ ಹಣವಂತರ ದಂಡೇ ಅಲ್ಲಿಗೆ ಹರಿದುಬಂತು. ಈಜು ಬಾರದ, ಚಳಿಗೆ ನಡುಗುವ ಈ ಜನರನ್ನು ಹಿಡಿದು ಅಲೆಯೊಳಗೆ ಮುಳುಗಿಸುವುದಕ್ಕೆಂದೇ ಗಟ್ಟಿಮುಟ್ಟಾದ ಹೆಂಗಸರಿದ್ದರು. ಅವರನ್ನು ‘ಡಿಪ್ಪರ್’ ಎನ್ನುತ್ತಿದ್ದರು. ಬ್ರೈಟನ್ನಿನ ಮಾರ್ಥಾ ಗನ್ ಅವರಲ್ಲಿ ಎಲ್ಲರಿಗಿಂತ ಹೆಸರಾದವಳು. ಮೊಣಕಾಲು ಮುಳುಗುವ ತಣ್ಣೀರಿನಲ್ಲಿ ನಿಂತು ದಶಕಗಳ ಕಾಲ ದುಡಿದ ಆಕೆ 1815ರಲ್ಲಿ ತೀರಿಕೊಂಡಾಗ 90ರ ಹತ್ತಿರವಿದ್ದಳು. ಕಡಲ ನೀರಿನ ಗುಣಕ್ಕೆ ರಸೆಲನ ಪುಸ್ತಕಕ್ಕಿಂತ ಈಕೆಯ ಆಯುಷ್ಯವೇ ದೊಡ್ಡ ಸಾಕ್ಷಿಯಾಗಿ ಊರಿನವರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

1789ರಲ್ಲಿ ದೊರೆ ಮೂರನೇ ಜಾರ್ಜ್ ಕಾಯಿಲೆಯಿಂದ ಚೇತರಿಸಿಕೊಳ್ಳಲು ವೇಮತ್‌ಗೆ ಹೋದ. ಅವನು ನೀರಿನಲ್ಲಿ ತಲೆ ಮುಳುಗಿಸಿದೊಡನೆ ಪಕ್ಕದ ಗಾಲಿಕೋಣೆಯಲ್ಲಿ ಕಾದಿದ್ದ ವಾದ್ಯದವರು ರಾಜಗೀತೆ ನುಡಿಸಿದ್ದನ್ನು ರಾಣಿಯ ಪರಿವಾರದಲ್ಲಿದ್ದ ಲೇಖಕಿ ಫ್ಯಾನಿ ಬರ್ನಿ ಬರೆದಿಟ್ಟಿದ್ದಾಳೆ.

ಬ್ರೈಟನ್ನಿನ ಈ ಮದ್ದಿನ ಪೇಟೆಯಲ್ಲಿ ಒಬ್ಬ ಭಾರತೀಯನೂ ಇದ್ದ ಎಂಬುದನ್ನು ಇಲ್ಲಿ ನೆನೆಯಲೇಬೇಕು. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಈಸ್ಟ್ ಇಂಡಿಯಾ ಕಂಪನಿಯ ಪಡೆಯಲ್ಲಿದ್ದು, ಐರ್ಲೆಂಡಿಗೆ ಹೋಗಿ, 1794ರಲ್ಲಿ ಇಂಗ್ಲಿಷಿನಲ್ಲಿ ತನ್ನ ಪ್ರವಾಸಕಥನ ಪ್ರಕಟಿಸಿದ. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಹೋಟೆಲು ತೆರೆದ, ಅದು ಕೈಹತ್ತಲಿಲ್ಲ. ಆಮೇಲೆ ಬ್ರೈಟನ್ ಕಡಲದಂಡೆಯಲ್ಲಿ ಹಬೆಸ್ನಾನದ ಮನೆ ನಡೆಸಿದ. ಗಿಡಮೂಲಿಕೆಯ ಹಬೆ ತುಂಬಿದ ಫ್ಲಾನೆಲ್ ಗುಡಾರದೊಳಗೆ ರೋಗಿ ಕುಳಿತಿರುವನು. ಗುಡಾರಕ್ಕೆ ಹೊಲಿದ ತೋಳುಗಳೊಳಗೆ ಕೈ ತೂರಿಸಿ ಹೊರಗಿನಿಂದಲೇ ಮೈ ತಿಕ್ಕುವುದು ಅವನ ಕ್ರಮ. ನಮ್ಮ ಹಜಾಮರಂಗಡಿಯ ‘ಚಂಪಿ’ ಇಂಗ್ಲಿಷಿನ ‘ಶಾಂಪೂ’ ಆಗಿ ಮನೆಮಾತಾದದ್ದರಲ್ಲಿ ಅವನ ಪಾಲು ದೊಡ್ಡದು. ಇಬ್ಬರು ದೊರೆಗಳಿಗೆ ಅವನು ‘ಶಾಂಪೂಯಿಂಗ್ ಸರ್ಜನ್’ ಆಗಿದ್ದ.

ಔಷಧವೆಂದು ಶುರುವಾದದ್ದು ಆಟವಾಗಿ ತಿರುಗಿಕೊಂಡದ್ದು ಮಕ್ಕಳಿಂದ. ದೊಡ್ಡವರು ಮದ್ದಿನ ಮುಳುಗು ಮುಗಿಸಿ ಬರುವವರೆಗೆ ದಡದಲ್ಲಿ ಕಾಯಬೇಕಾದ ಮಕ್ಕಳ ಮುಂದೆ ಇದ್ದದ್ದು ಮರಳು. ಅದನ್ನು ಅಗೆಯಲು, ಗುಡ್ಡೆ ಹಾಕಲು, ಅಲೆ ಬಂದು ಕೊಚ್ಚಿಕೊಂಡು ಹೋದಾಗ ಕೂಗಿ ಕುಣಿಯಲು ಯಾವ ವೈದ್ಯನ ಚೀಟಿಯೂ ಬೇಕಿರಲಿಲ್ಲ. ವಿಲಿಯಂ ಪೊವೆಲ್ ಫ್ರಿತ್ 1854ರಲ್ಲಿ ಪ್ರದರ್ಶಿಸಿದ ‘ರಾಮ್ಸ್‌ಗೇಟ್ ಸ್ಯಾಂಡ್ಸ್’ ಚಿತ್ರದಲ್ಲಿ ಈ ತಿರುವು ಕಣ್ಣಿಗೆ ಕಟ್ಟುವಂತಿದೆ. ಹೆಂಗಸರು ಬಾನೆಟ್ ಟೋಪಿ ತೊಟ್ಟು ಕೊಡೆ ಹಿಡಿದಿದ್ದಾರೆ, ಗಂಡಸರು ಪೇಟೆಗೆ ಹೊರಟವರ ಉಡುಪಿನಲ್ಲೇ ಪತ್ರಿಕೆ ಓದುತ್ತಿದ್ದಾರೆ. ಇಡೀ ಗುಂಪಿನಲ್ಲಿ ಕಡಲಿನ ಸಹವಾಸಕ್ಕೆ ನಿಜವಾಗಿ ಒಗ್ಗಿದವರು ನೀರಿನ ಅಂಚಿನಲ್ಲಿರುವ ಮಕ್ಕಳು ಮಾತ್ರ. ವಿಕ್ಟೋರಿಯಾ ರಾಣಿ ಈ ಚಿತ್ರವನ್ನು ತಾನೇ ಕೊಂಡಳು.

ಅದೇ ವರ್ಷಗಳಲ್ಲಿ ಇನ್ನೊಂದು ಆಟ ಹಬ್ಬಿತು. ಸಮುದ್ರ ಇಳಿತಕ್ಕೆ ಹೋದಾಗ ಬಂಡೆಗಳ ನಡುವೆ ಉಳಿಯುವ ಗುಂಡಿಗಳಲ್ಲಿ ಏಡಿ, ಕಡಲಹೂವು, ನಕ್ಷತ್ರಮೀನು ಹುಡುಕುವ ಆಟ. ಅದಕ್ಕೆ ಬೀಜ ಬಿತ್ತಿದವನು ಫಿಲಿಪ್ ಹೆನ್ರಿ ಗಾಸ್ ಎಂಬ ಜೀವವಿಜ್ಞಾನಿ. ಡೆವನ್ ಕರಾವಳಿಯ ಬಗ್ಗೆ ಅವನ ಪುಸ್ತಕ 1853ರಲ್ಲೂ ‘ದಿ ಅಕ್ವೇರಿಯಂ’ 1854ರಲ್ಲೂ ಬಂದವು. ಗಾಜಿನ ತೊಟ್ಟಿಯಲ್ಲಿ ಕಡಲ ಜೀವಿಗಳನ್ನು ಸಾಕುವುದು ಹೇಗೆಂದು ಅವನು ಹೇಳಿಕೊಟ್ಟ. ಗಾಸ್ ಸ್ವತಃ ದಂಡೆಯ ಮೇಲೆ ಪಾಠ ಮಾಡುತ್ತಿದ್ದ. ಕಲಿಯಲು ಬಂದವರು ಪಾಚಿ ಕಟ್ಟಿದ ಕಲ್ಲುಗಳ ಮೇಲೆ ಜಾರುತ್ತ, ಬಗ್ಗಿ ನೋಡುತ್ತ ಅವನ ಹಿಂದೆ ನಡೆಯುತ್ತಿದ್ದರು. ಬಲೆ, ಗಾಜಿನ ಜಾಡಿ ಹಿಡಿದು ಮನೆಮಂದಿಯೆಲ್ಲ ಇಂಗ್ಲೆಂಡಿನ ದಂಡೆಗಿಳಿದದ್ದು ಹೀಗೆ. ಆ ಉತ್ಸಾಹಕ್ಕೆ ದಂಡ ತೆತ್ತದ್ದು ಆ ಗುಂಡಿಗಳೇ. ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ‘ಫಾದರ್ ಆಂಡ್ ಸನ್’ ಕೃತಿಯಲ್ಲಿ, ತಾನು ಬಾಲ್ಯದಲ್ಲಿ ಅಪ್ಪನೊಡನೆ ನೋಡಿದ ಕಡಲ ತೋಟಗಳು ಬರಿದಾದುದಕ್ಕೆ ಮರುಗಿದ್ದಾನೆ. ಹೀಗಾಗುವುದೆಂದು ಮೊದಲೇ ಗೊತ್ತಾಗಿದ್ದರೆ ಅಪ್ಪ ಆ ಪುಸ್ತಕಗಳನ್ನು ಬರೆಯುತ್ತಿದ್ದನೇ ಎಂಬ ಪ್ರಶ್ನೆ ಓದುವವರನ್ನು ಬಹಳ ದಿನ ಕಾಡುತ್ತದೆ.

ಇಷ್ಟು ಹೊತ್ತೂ ಮಾತು ಉಳ್ಳವರದ್ದೇ ಆಯಿತು. ಗಿರಣಿಯಲ್ಲಿ ನೂಲುವವರು, ಮಗ್ಗದ ಮುಂದೆ ನಿಲ್ಲುವವರು ಕಡಲು ನೋಡಿದ್ದು ಯಾವಾಗ? ಕಡಲದಂಡೆಯ ಆಟದ ಚರಿತ್ರೆ ಬರೆಯಹೊರಟವರು ಬಿಡುವಿನ ಚರಿತ್ರೆಯನ್ನು ಬರೆಯದೆ ಗತಿಯಿಲ್ಲ. ಯಾರಿಗೆ ಎಷ್ಟು ದಿನದ ಬಿಡುವು, ಆ ದಿನಗಳ ಕೂಲಿ ಯಾರ ಗಂಟಿನಿಂದ ಎಂಬ ಲೆಕ್ಕದ ಮೇಲೆ ಮರಳಿನ ಮನೆಗಳೆಲ್ಲ ನಿಂತಿವೆ.

ಲಂಡನ್ನಿನಿಂದ ಬ್ರೈಟನ್ನಿಗೆ ರೈಲು ಬಂದದ್ದು 1841ರಲ್ಲಿ. ಲ್ಯಾಂಕಾಶೈರಿನ ಬ್ಲ್ಯಾಕ್‌ಪೂಲಿಗೆ 1846ರಲ್ಲಿ. ಆ ಸೀಮೆಯ ಹತ್ತಿಗಿರಣಿಯ ಊರುಗಳಲ್ಲಿ ‘ವೇಕ್ಸ್’ ಎಂಬ ಹಳೆಯ ಜಾತ್ರೆಯ ಪದ್ಧತಿಯಿತ್ತು. ನಮ್ಮ ಕಡೆ ಊರ ಜಾತ್ರೆಗೆ ಹೊಲದ ಕೆಲಸ ನಿಲ್ಲುವಂತೆ ಅಲ್ಲಿಯೂ ದೇವಾಲಯದ ಹಬ್ಬಕ್ಕೆ ಕೆಲಸ ನಿಲ್ಲುತ್ತಿತ್ತು. ಗಿರಣಿಗಳು ಬಂದ ಮೇಲೂ ಜನ ಅದನ್ನು ಬಿಟ್ಟುಕೊಡಲಿಲ್ಲ. ಬೇರೆ ದಾರಿ ಕಾಣದ ಮಾಲೀಕರು ಆ ವಾರ ಇಡೀ ಊರಿನ ಗಿರಣಿಗಳನ್ನು ಮುಚ್ಚಿ ಬಾಯ್ಲರುಗಳನ್ನು ದುರಸ್ತಿ ಮಾಡಿಸಿಕೊಂಡರು. ಈ ವಾರ ಓಲ್ಡಮ್, ಇನ್ನೊಂದು ವಾರ ಬರ್ನ್‌ಲಿ, ಮತ್ತೊಂದು ವಾರ ಬ್ಲ್ಯಾಕ್‌ಬರ್ನ್ ಎಂದು ಸರದಿಯ ಮೇಲೆ ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲಿನಲ್ಲಿ ಇಳಿಯುತ್ತಿತ್ತು. ಬೀದಿಯಲ್ಲಿ ಪಕ್ಕದ ಮನೆಯವರು ಮರಳ ಮೇಲೂ ಪಕ್ಕದಲ್ಲೇ.

ಆದರೆ ಆ ವಾರಕ್ಕೆ ಕೂಲಿಯಿಲ್ಲ. ಗಿರಣಿಯವರು ವರ್ಷವಿಡೀ ವಾರವಾರ ಚೀಟಿಹಣ ಕಟ್ಟಿದಂತೆ ಪುಡಿಗಾಸು ಕೂಡಿಸುತ್ತಿದ್ದರು. ವೇಕ್ಸ್ ಬಂದಾಗ ಅದನ್ನು ಬಿಡಿಸಿಕೊಂಡು ಹೊರಡುತ್ತಿದ್ದರು. ಇಳಿದುಕೊಳ್ಳುವ ಮನೆಗಳಲ್ಲಿ ಕಾಸಿಗೆ ಕಾಸು ಲೆಕ್ಕ. ಮಾಂಸ, ಆಲೂಗಡ್ಡೆ, ಚಹಾಪುಡಿಯನ್ನು ಅತಿಥಿಗಳೇ ತಂದು ಕೊಟ್ಟರೆ ಮನೆಯೊಡತಿ ಬೇಯಿಸಿ ಬಡಿಸುವಳು. ಹಾಸಿಗೆಗೆ ಬಾಡಿಗೆ ಬೇರೆ, ಬಿಸಿನೀರಿಗೆ ಬೇರೆ, ಮೇಜಿನ ಮೇಲಿನ ಉಪ್ಪು-ಮೆಣಸಿನ ಕುಡಿಕೆಗೂ ಬೇರೆ. ಒಂದು ಹಾಸಿಗೆಯಲ್ಲಿ ಮೂರು ನಾಲ್ಕು ಮಕ್ಕಳು ಮಲಗಿದ ಆ ಕೋಣೆಗಳ ಇಕ್ಕಟ್ಟಿನ ಬಗ್ಗೆ ಓದುವಾಗ ಕನಿಕರ ಹುಟ್ಟುತ್ತದೆ. ಆ ವಾರಕ್ಕಾಗಿ ಅವರು ಐವತ್ತೊಂದು ವಾರ ಕಾಯುತ್ತಿದ್ದರೆಂಬುದನ್ನೂ ಅದರ ಜೊತೆಗೇ ನೆನೆಯಬೇಕು.

ಜನ ಬಂದಂತೆ ಬ್ಲ್ಯಾಕ್‌ಪೂಲ್ ಬೆಳೆಯಿತು. 1863ರಲ್ಲಿ ಸಮುದ್ರದೊಳಕ್ಕೆ ಚಾಚಿದ ನಾರ್ತ್ ಪಿಯರ್ ಎಂಬ ಅಡ್ಡಾಟದ ಕಟ್ಟೆ, 1885ರಲ್ಲಿ ವಿದ್ಯುತ್ ಟ್ರಾಮು, 1894ರಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರದ ಮಾದರಿಯ 518 ಅಡಿಯ ಗೋಪುರ. ನಡುವೆ 1871ರಲ್ಲಿ ಜಾನ್ ಲಬಕ್ ಎಂಬ ಸಂಸದನ ಪ್ರಯತ್ನದಿಂದ ಬ್ಯಾಂಕ್ ರಜೆಯ ಕಾಯಿದೆ ಬಂದು, ಆಗಸ್ಟಿನ ಮೊದಲ ಸೋಮವಾರ ದೇಶಕ್ಕೆಲ್ಲ ಬಿಡುವಾಯಿತು. ಕೃತಜ್ಞತೆಯಿಂದ ಜನ ಅದನ್ನು ಸಂತ ಲಬಕನ ದಿನವೆಂದರು. ಇಷ್ಟಾದರೂ ಸಂಸಾರವೆಲ್ಲ ಒಟ್ಟಿಗೆ ನೀರಿಗಿಳಿಯುವಂತಿರಲಿಲ್ಲ. ಅಪ್ಪ, ಗಂಡುಮಕ್ಕಳು ಒಂದು ಕಡೆ. ಅಮ್ಮ, ಹೆಣ್ಣುಮಕ್ಕಳು ದೂರದ ಇನ್ನೊಂದು ಕಡೆ. 1901ರಲ್ಲಿ ಬೆಕ್ಸ್‌ಹಿಲ್ ಊರು ಈ ಗೆರೆಯನ್ನು ಅಳಿಸಿದ ಮೇಲೆ ಉಳಿದ ಊರುಗಳೂ ಒಂದೊಂದಾಗಿ ಸಡಿಲಗೊಂಡವು. ಗಾಲಿಕೋಣೆಗಳ ಗಾಲಿ ಕಳಚಿ, ಅವು ದಡದಲ್ಲೇ ಬಟ್ಟೆ ಬದಲಿಸುವ ಗೂಡುಗಳಾದವು.

ಬ್ರೈಟನ್ನಿನಿಂದ ನಮ್ಮ ಕಾರವಾರಕ್ಕೂ ಒಂದು ಎಳೆಯಿದೆ. 1878ರಲ್ಲಿ 17ರ ಹರೆಯದ ರವೀಂದ್ರನಾಥ ಟಾಗೋರರು ಇಂಗ್ಲೆಂಡಿಗೆ ಹೋದಾಗ ಬ್ರೈಟನ್ನಿನಲ್ಲಿ ಅತ್ತಿಗೆ ಜ್ಞಾನದಾನಂದಿನಿ ದೇವಿಯವರ ಜೊತೆಗಿದ್ದರು. ಆಕೆ ಪುಟ್ಟ ಮಕ್ಕಳಾದ ಸುರೇಂದ್ರ, ಇಂದಿರಾರನ್ನು ಕರೆದುಕೊಂಡು ಅಲ್ಲಿ ಮನೆ ಮಾಡಿದ್ದರು. ಕೆಲವೇ ವರ್ಷಗಳಲ್ಲಿ ಅಣ್ಣ ಸತ್ಯೇಂದ್ರನಾಥರು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರದಲ್ಲಿ ನ್ಯಾಯಾಧೀಶರಾದರು, ತಮ್ಮನೂ ಅಲ್ಲಿಗೆ ಬಂದರು. ಒಂದು ಸಂಜೆ ಅವರು ದೋಣಿಯಲ್ಲಿ ಕಾಳಿ ನದಿಯ ಮೇಲ್ಗಡೆ ಹೋಗಿ ಶಿವಾಜಿಯ ಕಾಲದ್ದೆನ್ನುವ ಗುಡ್ಡದ ಕೋಟೆ ನೋಡಿದರು. ಬೆಳದಿಂಗಳಲ್ಲಿ ಹೊಳೆಯ ಸೆಳವಿಗೇ ದೋಣಿ ಬಿಟ್ಟು ಹಿಂದಿರುಗಿದರು. ಅಳಿವೆ ತಲುಪಿದಾಗ ಇರುಳು ಬಹಳ ಕಳೆದಿತ್ತು. ಅಲ್ಲಿಯೇ ಇಳಿದು ಮರಳ ಮೇಲೆ ಮನೆಯವರೆಗೆ ನಡೆದ ಆ ರಾತ್ರಿಯನ್ನು ಟಾಗೋರರು ತಮ್ಮ ಜೀವನಸ್ಮೃತಿಯಲ್ಲಿ ಮನಸ್ಸಿಟ್ಟು ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದೂ ಅಲ್ಲೇ. ಇಂದು ಆ ಕಡಲತೀರಕ್ಕೆ ಅವರದೇ ಹೆಸರು.

ಇಂಗ್ಲೆಂಡಿನ ದುಡಿಯುವವರು ಕೂಲಿಯ ಜೊತೆಗಿನ ರಜೆಗೆ 1938ರವರೆಗೆ ಕಾಯಬೇಕಾಯಿತು. ಆ ವರ್ಷದ ಕಾಯಿದೆ ವರ್ಷಕ್ಕೊಂದು ವಾರ ವೇತನಸಹಿತ ಬಿಡುವಿನ ದಾರಿ ತೆರೆಯಿತು. ಅದರ ಸುಖ ಕೈಗೆ ಬರುವಷ್ಟರಲ್ಲಿ ಯುದ್ಧ ಬಂತು. ದಕ್ಷಿಣದ, ಪೂರ್ವದ ದಂಡೆಗಳಿಗೆಲ್ಲ ಮುಳ್ಳುತಂತಿ ಬಿಗಿದರು. ಮಕ್ಕಳು ಬಕೆಟ್ಟು, ಸಲಿಕೆ ಹಿಡಿದು ಅಲ್ಲಿಗೆ ಮರಳಿದ್ದು ಯುದ್ಧ ಮುಗಿದ ಮೇಲೆ.

ಪಶ್ಚಿಮದ ಬ್ಲ್ಯಾಕ್‌ಪೂಲ್ ಮಾತ್ರ ಯುದ್ಧದಲ್ಲೂ ಮುಚ್ಚಲಿಲ್ಲ. ಅಲ್ಲಿನ ಮರಳಿನಲ್ಲಿ ವಿಕ್ಟೋರಿಯಾ ಕಾಲದಿಂದ ಮಕ್ಕಳನ್ನು ಹೊತ್ತು ತಿರುಗುತ್ತಿದ್ದ ಕತ್ತೆಗಳಿಗಾಗಿ 1942ರಲ್ಲಿ ನಗರಸಭೆ ನಿಯಮಾವಳಿ ಮಾಡಿತು. ದುಡಿಮೆ ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ, ನಡುವೆ ಒಂದು ಗಂಟೆ ಊಟದ ಬಿಡುವು, ಶುಕ್ರವಾರ ಪೂರ್ತಿ ರಜೆ. 8 ಸ್ಟೋನ್, ಅಂದರೆ ಸುಮಾರು 50 ಕಿಲೋಗಿಂತ ಭಾರದವರು ಕತ್ತೆಯ ಬೆನ್ನೇರುವಂತಿಲ್ಲ. ಹಂಗಾಮಿಗೆ ಮೊದಲು ಪಶುವೈದ್ಯರು ಒಂದೊಂದರ ಗೊರಸು, ಹಲ್ಲು, ಬೆನ್ನು ತಪಾಸಣೆ ಮಾಡುತ್ತಾರೆ. ಮೂತಿಯ ಪಟ್ಟಿಯ ಮೇಲೆ ಹೆಸರು ಹೊತ್ತು, ಕೊರಳ ಗಂಟೆ ಅಲುಗಿಸುತ್ತ ಸಾಲಾಗಿ ಇಳಿಯುವ ಅವುಗಳಿಗಾಗಿ ಮಕ್ಕಳು ಇಂದಿಗೂ ದಂಡೆಯಲ್ಲಿ ಕಾಯುತ್ತಾರೆ. ಶುಕ್ರವಾರ ಹೋದ ಮಗುವಿಗೆ ಸಿಗುವುದು ಮರಳು, ನೀರು, ಗಾಳಿ. ಕತ್ತೆಸವಾರಿ ಬೇಕಿದ್ದರೆ ಮರುದಿನ 10 ಗಂಟೆಗೆ ಬರಬೇಕು.