ಹಳೆಯ ಅಂಚೆಚೀಟಿ ಸಿಕ್ಕಿತೇ? ತೊಳೆಯುವ ಮೊದಲು ಕಾಗದದ ದೋಷ ಗುರುತಿಸಿ

ನಿಟ್ಟೂರು, ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಮನೆಗಳಲ್ಲಿ ಅಟ್ಟ ಗುಡಿಸುವಾಗ ತಾತನ ಕಾಲದ ಟ್ರಂಕು ಸಿಗುವುದುಂಟು. ಅದರಲ್ಲಿ ಆರನೇ ಜಾರ್ಜ್ ದೊರೆಯ ಚಿತ್ರವಿರುವ ಅಂಚೆಚೀಟಿ ಅಂಟಿಸಿದ ಲಕೋಟೆ ಕಂಡರೆ ಮನೆಯವರು ಹೇಳುವ ಮೊದಲ ಮಾತು, "ಇಷ್ಟು ಹಳೆಯದು, ಲಕ್ಷ ಬಾಳುತ್ತದೆ!" ಮಾಡುವ ಮೊದಲ ಕೆಲಸ, ಚೀಟಿ ಕಿತ್ತು ನೀರಿನಲ್ಲಿ ತೊಳೆಯುವುದು. ಮಾತೂ ತಪ್ಪು, ಕೆಲಸವೂ ತಪ್ಪು. ಏಕೆ ಎಂದು ನೋಡೋಣ.

ಹಳೆಯದಾದಷ್ಟೂ ಬೆಲೆ ಹೆಚ್ಚೇ?

ಇಲ್ಲ. ಬ್ರಿಟಿಷರ ಕಾಲದ ದಿನಬಳಕೆಯ ಚೀಟಿಗಳು ಅಪಾರ ಸಂಖ್ಯೆಯಲ್ಲಿ ಅಚ್ಚಾಗಿದ್ದವು, ಇಂದಿಗೂ ಸುಲಭವಾಗಿ ಸಿಗುತ್ತವೆ. ಬೆಲೆ ನಿಲ್ಲುವುದು ಮುಖ್ಯವಾಗಿ ಎರಡು ಸಂಗತಿಗಳ ಮೇಲೆ: ಚೀಟಿ ಎಷ್ಟು ಅಪರೂಪ, ಅದರ ಕಾಗದ ಎಷ್ಟು ಕ್ಷೇಮ. ಅಪರೂಪದ ಚೀಟಿಯಾದರೂ ಕಾಗದ ಕೆಟ್ಟಿದ್ದರೆ ಬೆಲೆ ಬಹಳ ಇಳಿಯುತ್ತದೆ.

ಸಾಮಾನ್ಯವಾಗಿ ಕಾಣುವ ದೋಷಗಳು

ತೆಳುವಾದ ಜಾಗ: ಮೈದಾ ಅಂಟಿನಿಂದ ಪುಸ್ತಕಕ್ಕೆ ಅಂಟಿಸಿದ ಚೀಟಿಯನ್ನು ಎಳೆದು ಕಿತ್ತರೆ ಹಿಂಬದಿಯ ಕಾಗದದ ಒಂದು ಪದರ ಅಲ್ಲೇ ಉಳಿಯುತ್ತದೆ. ಮುಂದಿನಿಂದ ಚೀಟಿ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಮೋಸ ಹೋಗುವವರು ಹೆಚ್ಚು.

ಚುಚ್ಚಿದ ತೂತು: ಅಂಗಡಿ, ಮಂಡಿಗಳಲ್ಲಿ ಬಂದ ಕಾಗದಗಳನ್ನು ತಂತಿಗೆ ಚುಚ್ಚಿಡುತ್ತಿದ್ದರು. ತಂತಿ ಚೀಟಿಯನ್ನೂ ತೂರಿರಬಹುದು.

ಮಡಿಕೆ: ಮಡಚಿದ ಕಡೆ ಕಾಗದದ ನಾರು ಮುರಿಯುತ್ತದೆ. ಇಸ್ತ್ರಿ ಮಾಡಿದರೂ ಗೆರೆ ಪೂರ್ತಿ ಹೋಗುವುದಿಲ್ಲ.

ಕಂದು ಚುಕ್ಕೆ: ತೇವದಲ್ಲಿ ಬೆಳೆಯುವ ಶಿಲೀಂಧ್ರ ಇದಕ್ಕೆ ಮುಖ್ಯ ಕಾರಣ. ಕಾಗದದಲ್ಲಿರುವ ಕಬ್ಬಿಣದ ಕಣಗಳೂ ಕಾರಣವಾಗಬಹುದು.

ಮುರಿದ ಹಲ್ಲು: ಅಂಚಿನ ಹಲ್ಲುಗಳಲ್ಲಿ ಒಂದು ಗಿಡ್ಡವಾಗಿದ್ದರೂ ದೋಷವೇ. ಆದರೆ 1854ರ ಭಾರತದ ಚೀಟಿಗಳಿಗೆ ಹಲ್ಲುಗಳೇ ಇರಲಿಲ್ಲ, ಕತ್ತರಿಯಿಂದ ಕತ್ತರಿಸಿ ಬಳಸುತ್ತಿದ್ದರು. ಅವುಗಳಲ್ಲಿ ಚಿತ್ರದ ಸುತ್ತ ನಾಲ್ಕೂ ಕಡೆ ಬಿಳಿ ಅಂಚು ಉಳಿದಿದೆಯೇ ಎಂದು ನೋಡಬೇಕು.

ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆ

1. ಬಿಡಿ ಚೀಟಿಯನ್ನು ಚಿಮಟದಿಂದ ಹಿಡಿದು ಮಗುಚಿ. ಟಾರ್ಚ್ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡಿ. ಮಡಿಕೆ, ಕೆರೆದ ಜಾಗ, ತೇಪೆಗಳು ನೆರಳಿನಿಂದ ಎದ್ದು ಕಾಣುತ್ತವೆ.

2. ಚೀಟಿಯನ್ನು ಬೆಳಕಿಗೆ ಎದುರಾಗಿ ಹಿಡಿಯಿರಿ. ತೆಳುವಾದ ಜಾಗದಲ್ಲಿ ಹೆಚ್ಚು ಬೆಳಕು ತೂರಿ ಬರುತ್ತದೆ, ತೂತು ಚುಕ್ಕಿಯಂತೆ ಹೊಳೆಯುತ್ತದೆ.

3. ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ಅತಿನೇರಳೆ ದೀಪದ ಕೆಳಗಿಡಿ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬೆರೆಸುವುದು ವ್ಯಾಪಕವಾದದ್ದು 1950ರ ನಂತರ. ಅದಕ್ಕೂ ಹಿಂದಿನ ಚೀಟಿಯ ಒಂದು ಮೂಲೆ ಮಾತ್ರ ನೀಲಿ-ಬಿಳಿಯಾಗಿ ಹೊಳೆದರೆ ಅಲ್ಲಿ ಹೊಸ ಕಾಗದದ ತೇಪೆ ಇರಬಹುದು. ಇಡೀ ಚೀಟಿ ಹೊಳೆದರೆ ಯಾರೋ ಸೋಪಿನ ಪುಡಿಯಲ್ಲಿ ತೊಳೆದಿರಬಹುದು, ಏಕೆಂದರೆ ಅದರಲ್ಲೂ ಅದೇ ರಾಸಾಯನಿಕ ಇರುತ್ತದೆ. ಇದು ಅನುಮಾನಕ್ಕೆ ಕಾರಣವೇ ಹೊರತು ಕೊನೆಯ ತೀರ್ಪಲ್ಲ. ದೀಪವನ್ನು ನೇರವಾಗಿ ನೋಡಬೇಡಿ.

ಅನುಭವಿ ಸಂಗ್ರಾಹಕರು ಚೀಟಿಯನ್ನು ಕಪ್ಪು ತಟ್ಟೆಯಲ್ಲಿಟ್ಟು ಬೆಂಜಿನ್‌ನಂಥ ದ್ರವ ಹನಿಸುತ್ತಾರೆ. ದ್ರವವು ನಾರುಗಳ ನಡುವಿನ ಗಾಳಿಯ ಜಾಗ ತುಂಬುವುದರಿಂದ ಕಾಗದ ಪಾರದರ್ಶಕವಾಗಿ, ತೆಳುವಾದ ಜಾಗ ಕಪ್ಪಾಗಿ ಕಾಣುತ್ತದೆ. ಆದರೆ ಈ ದ್ರವಕ್ಕೆ ಬೇಗ ಬೆಂಕಿ ಹತ್ತುತ್ತದೆ. 1948ರ ಗಾಂಧೀಜಿ ಚೀಟಿಗಳಂತೆ ಫೋಟೋಗ್ರೇವರ್ ವಿಧಾನದಲ್ಲಿ ಅಚ್ಚಾದವುಗಳ ಬಣ್ಣವೂ ಕೆಡಬಹುದು. ಹೊಸಬರು ಇದರ ಗೋಜಿಗೆ ಹೋಗದಿರುವುದೇ ಲೇಸು.

ದೋಷವಲ್ಲದ ಗುರುತುಗಳು

ಬೆಳಕಿಗೆ ಹಿಡಿದಾಗ ಆನೆಯ ತಲೆಯೋ ನಕ್ಷತ್ರವೋ ಕಂಡರೆ ಗಾಬರಿ ಬೇಡ. ಅದು ಕಾಗದ ತಯಾರಾಗುವಾಗಲೇ ಮೂಡಿಸಿದ ವಾಟರ್‌ಮಾರ್ಕ್. ಭಾರತದ ಚೀಟಿಗಳಲ್ಲಿ 1865ರಿಂದ ಆನೆಯ ತಲೆ, 1882ರಿಂದ ನಕ್ಷತ್ರ ಬಂದವು. ವಾಟರ್‌ಮಾರ್ಕಿಗೆ ನಿರ್ದಿಷ್ಟ ಆಕಾರವಿರುತ್ತದೆ. ಕಿತ್ತಾಗ ತೆಳುವಾದ ಜಾಗಕ್ಕೆ ಆಕಾರವಿಲ್ಲ, ಅಲ್ಲಿ ಕಾಗದದ ಮೇಲ್ಮೈ ಒರಟಾಗಿರುತ್ತದೆ.

ಮಡಿಕೆಯಲ್ಲೂ ಎರಡು ಬಗೆ. ಅಚ್ಚಾದ ಮೇಲೆ ಬಿದ್ದ ಮಡಿಕೆಯಲ್ಲಿ ಶಾಯಿ ಬಿರುಕು ಬಿಟ್ಟಿರುತ್ತದೆ. ಅಚ್ಚಾಗುವ ಮೊದಲೇ ಕಾಗದ ಮಡಚಿಕೊಂಡಿದ್ದರೆ, ಬಿಡಿಸಿದಾಗ ನಡುವೆ ಶಾಯಿಯಿಲ್ಲದ ಬಿಳಿ ಪಟ್ಟಿ ಕಾಣುತ್ತದೆ. ಇದು ಅಚ್ಚುಕೂಟದ ತಪ್ಪು. ಇಂಥದ್ದನ್ನು ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ.

ಹಾಗಾದರೆ ಏನು ಮಾಡಬೇಕು?

ಲಕೋಟೆಯಿಂದ ಚೀಟಿ ಕೀಳಬೇಡಿ. ಊರಿನ ಹೆಸರು, ತಾರೀಖು ಸ್ಪಷ್ಟವಾಗಿರುವ ನಿಟ್ಟೂರಿನ ಅಂಚೆ ಮುದ್ರೆಯಿದ್ದರೆ, ಬಿಡಿ ಚೀಟಿಗಿಂತ ಇಡೀ ಲಕೋಟೆಯೇ ಅಂಚೆ ಇತಿಹಾಸ ಸಂಗ್ರಹಿಸುವವರಿಗೆ ಮುಖ್ಯ. ಬ್ಲೀಚ್, ಸೋಪು, ಇಸ್ತ್ರಿ, ಸೆಲ್ಲೋಟೇಪ್ ಯಾವುದೂ ಬೇಡ. ಒಣ ಜಾಗದಲ್ಲಿ, ಬಿಸಿಲು ಬೀಳದಂತೆ ಇಡಿ. ಮಾರುವ ಯೋಚನೆಯಿದ್ದರೆ ಮೊದಲು ತಿಳಿದವರಿಗೆ ತೋರಿಸಿ.

ನೂರು ವರ್ಷದಲ್ಲಿ ಆಗದ ಹಾನಿ ಹತ್ತು ನಿಮಿಷದ ತೊಳೆಯುವಿಕೆಯಲ್ಲಿ ಆಗಬಹುದು. ಬೆಲೆ ಬಾಳದ ಚೀಟಿಯಾದರೂ ಚಿಂತೆಯಿಲ್ಲ, ತಾತನಿಗೆ ಬಂದ ಕಾಗದವಾದರೂ ಉಳಿಯುತ್ತದೆ.